ನೀಲಿ ಕಿಡಿ ಕಂಡರೆ ಸಾಲದು

ಕಲಬುರಗಿಯ ನೆಹರು ಗಂಜ್‌ನಂಥ ತೊಗರಿ ಪೇಟೆಯಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಡೀಸೆಲ್ ಗಾಡಿಗಳೇ. ಅವಕ್ಕೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಹಾಗಾಗಿ ಕಿಡಿಯ ವೋಲ್ಟೇಜನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಇಗ್ನಿಷನ್ ಆಸಿಲೋಸ್ಕೋಪಿನ ಕೆಲಸವೂ ಇಲ್ಲ. ಈ ಬರಹ ಇರುವುದು ಅಪ್ಪನ ಕಾಲದ ಪೆಟ್ರೋಲ್ ಅಂಬಾಸಡರ್, ಪದ್ಮಿನಿಗಳನ್ನು ಇನ್ನೂ ಓಡಿಸುವವರಿಗೆ. ತಪ್ಪು ತಿಳಿವಳಿಕೆಯಿಂದ ಗಟ್ಟಿಮುಟ್ಟಾದ ಕಾಯಿಲ್, ಕಾರ್ಬ್ಯುರೇಟರುಗಳು ಗುಜರಿ ಸೇರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ತಪ್ಪು ಕಲ್ಪನೆ: ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿದಾಗ ಕಿಡಿ ಹಾರಿದರೆ ಇಗ್ನಿಷನ್ ಸರಿಯಿದೆ.

ವಾಸ್ತವ: ಬಯಲು ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಒತ್ತಡ ಏರಿದಾಗ ಅದೇ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್ ಕೈಕೊಡುವುದು ಅಲ್ಲೇ. ಸ್ಕೋಪ್ ಎಂಜಿನ್ ಓಡುತ್ತಿರುವಾಗಲೇ ನೋಡುತ್ತದೆ. ಮೊದಲು ನೆಟ್ಟಗೆ ಏಳುವ ಗೆರೆ ಕಿಡಿ ಹಾರಲು ಬೇಕಾದ ವೋಲ್ಟೇಜ್. ಐಡಲ್‌ನಲ್ಲಿ ಸುಮಾರು 5ರಿಂದ 12 ಸಾವಿರ ವೋಲ್ಟ್. ಆಮೇಲಿನ ಚಿಕ್ಕ ಅಡ್ಡಗೆರೆ ಕಿಡಿ ಉರಿಯುವ ಹೊತ್ತು, ಒಂದೆರಡು ಮಿಲಿಸೆಕೆಂಡು. ಅದರ ಹಿಂದೆ ಬರುವ ಅಲೆಗಳು ಕಾಯಿಲ್, ಕಂಡೆನ್ಸರುಗಳ ಆರೋಗ್ಯ ಹೇಳುತ್ತವೆ. ನಾಲ್ಕೈದು ಅಲೆ ಕಾಣಬೇಕಾದ ಕಡೆ ಒಂದೆರಡೇ ಕಂಡರೆ ಅನುಮಾನ ಪಡಿ.

ತಪ್ಪು ಕಲ್ಪನೆ: ಗೆರೆ ಎತ್ತರವಿದ್ದಷ್ಟೂ ಕಿಡಿ ಜೋರು.

ವಾಸ್ತವ: ತಿರುಗುಮುರುಗು. ಎತ್ತರದ ಗೆರೆ ಎಂದರೆ ಕಿಡಿ ಹೆಣಗಾಡುತ್ತಿದೆ ಎಂದರ್ಥ. ಒಂದೇ ಗೆರೆ ಎದ್ದು ನಿಂತರೆ ಆ ಪ್ಲಗ್ಗಿನ ಗ್ಯಾಪ್ ಅಥವಾ ವೈರ್ ನೋಡಿ. ನಾಲ್ಕೂ ಎದ್ದರೆ ರೋಟರ್, ಕಾಯಿಲ್ ವೈರ್, ಇಲ್ಲವೇ ಪೆಟ್ರೋಲ್ ಕಡಿಮೆ ಬೆರೆತ ಮಿಶ್ರಣ. ತೀರ ತಗ್ಗಿದ ಗೆರೆ ಮಸಿ ಹಿಡಿದ ಪ್ಲಗ್ಗನ್ನೋ ಕಂಪ್ರೆಷನ್ ಬಿದ್ದದ್ದನ್ನೋ ತೋರಿಸುತ್ತದೆ.

ತಪ್ಪು ಕಲ್ಪನೆ: ಪರದೆಯ ಮೂರನೇ ಗೆರೆ ಮೂರನೇ ಸಿಲಿಂಡರಿನದು.

ವಾಸ್ತವ: ಗೆರೆಗಳು ಉರಿಯುವ ಕ್ರಮದಲ್ಲಿ ಬರುತ್ತವೆ. ಅಂಬಾಸಡರ್, ಪದ್ಮಿನಿ ಎರಡರದ್ದೂ 1-3-4-2. ಮೂರನೇ ಜಾಗದಲ್ಲಿ ನಿಂತದ್ದು ನಾಲ್ಕನೇ ಸಿಲಿಂಡರು. ಕೆಲವು ಯಂತ್ರಗಳಲ್ಲಿ ಒಂದನೆಯದರ ಎತ್ತರದ ಗೆರೆ ಬಲತುದಿಗೆ ಬೀಳುವುದೂ ಉಂಟು.

ತಪ್ಪು ಕಲ್ಪನೆ: ಬೇಸಿಗೆಯಲ್ಲಿ ಗಾಡಿ ನಿಂತರೆ ಅದು ಪೆಟ್ರೋಲ್ ಆವಿಯ ಕಾಟವೇ.

ವಾಸ್ತವ: ಕಲಬುರಗಿಯ ಮೇ ಬಿಸಿಲಿಗೆ ಅದೂ ಆಗುತ್ತದೆ, ಸುಳ್ಳಲ್ಲ. ಆದರೆ ಕಾಯಿಲ್, ಕಂಡೆನ್ಸರುಗಳೂ ಕಾದ ಮೇಲೇ ಸೋಲುತ್ತವೆ. ತಣ್ಣಗಾದರೆ ಮತ್ತೆ ಸರಿ. ಕಮಲಾಪುರದವರೆಗೆ ಓಡಿಸಿ ಬಂದು, ಎಂಜಿನ್ ಆರಿಸದೆ ಸ್ಕೋಪ್ ಕಟ್ಟಿ ಕಾಯಿರಿ. ಗೆರೆಗಳೇ ಮೊದಲು ಕುಸಿದು ಆಮೇಲೆ ಎಂಜಿನ್ ನಿಂತರೆ ದೋಷ ಇಗ್ನಿಷನ್ನಿನದು. ಕೊನೆವರೆಗೂ ಗೆರೆ ಗಟ್ಟಿಯಾಗಿದ್ದರೆ ಪೆಟ್ರೋಲ್ ದಾರಿ ಹುಡುಕಿ.

ತಪ್ಪು ಕಲ್ಪನೆ: ಈಗಿನ ಸ್ಕ್ಯಾನರ್ ಇದ್ದರೆ ಹಳೆಯ ಯಂತ್ರ ಯಾಕೆ?

ವಾಸ್ತವ: ಕಾಂಟ್ಯಾಕ್ಟ್ ಪಾಯಿಂಟ್ ಗಾಡಿಯಲ್ಲಿ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ, ಮಾತಾಡಲು ಕಂಪ್ಯೂಟರೂ ಇಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸ್ಕೋಪನ್ನು ಮಾತ್ರ ನೇರವಾಗಿ ಪ್ಲಗ್ ವೈರಿಗೆ ಕೊಡಬೇಡಿ, ಸುಟ್ಟುಹೋಗುತ್ತದೆ. ವೈರಿನ ಮೇಲೆ ಕಚ್ಚುವ ಕ್ಲಿಪ್ ಬೇಕು. ಅಮೆರಿಕದಿಂದ ಬಂದ ಸನ್ ಕಂಪನಿಯ ಹಳೆಯ ಸ್ಕೋಪ್ ಆದರೆ ಹಿಂದಿನ ಫಲಕ ಓದಿ: 110 ವೋಲ್ಟಿನದಾಗಿದ್ದರೆ ನಮ್ಮ 230ಕ್ಕೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಚ್ಚಬಾರದು. ಸ್ವಿಚ್ ಆರಿಸಿದರೂ ಚಿತ್ರನಳಿಕೆಯಲ್ಲಿ ಕರೆಂಟ್ ಉಳಿದಿರುತ್ತದೆ, ಮುಚ್ಚಳ ತೆಗೆಯುವ ಕೆಲಸ ಬಲ್ಲವರಿಗೇ ಬಿಡಿ.

ಇನ್ನು ಟೈಮಿಂಗ್: ಅದನ್ನು ಸ್ಕೋಪ್ ಹೇಳುವುದಿಲ್ಲ, ಟೈಮಿಂಗ್ ಲೈಟೇ ಬೇಕು. ಪಾಯಿಂಟ್ ಗ್ಯಾಪ್ ಬದಲಿಸಿದರೆ ಟೈಮಿಂಗೂ ಸರಿಯುತ್ತದೆ, ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಲೈಟು.