ಕೊನೆಯ ಕಂತಿಗೆ ಮುನ್ನ: ಹೊಸ ಮನೆಯನ್ನು ಪರೀಕ್ಷೆ ಮಾಡಿಸುವುದು

ಕೊಡಗಿನ ಮೂರ್ನಾಡಿನ ಸುತ್ತಮುತ್ತ ಮನೆ ಕೆಲಸಕ್ಕೆ ಗಡುವು ಹಾಕುವುದು ಮಳೆ. ಮುಂಗಾರು ಹಿಂದೆ ಸರಿದ ಮೇಲೆ ಪಾಯ ತೆಗೆಯುತ್ತಾರೆ. ಕಾಫಿ ಕುಯ್ಲಿನ ದಿನಗಳಲ್ಲಿ ಆಳು ಸಿಗದೆ ಕೆಲಸ ಕುಂಟುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಎಲ್ಲವೂ ಒಟ್ಟಿಗೆ ಓಡತೊಡಗುತ್ತದೆ. ಜೂನ್‌ಗೆ ಮೊದಲು ಗೃಹಪ್ರವೇಶ ಆಗಲೇಬೇಕೆಂಬ ಅವಸರದಲ್ಲಿ ಗಾರೆ ಒಣಗುವ ಮುಂಚೆ ಪುಟ್ಟಿ, ಪುಟ್ಟಿ ಒಣಗುವ ಮುಂಚೆ ಬಣ್ಣ. ಪೂಜೆಯ ದಿನ ಮನೆ ಚೆಂದವಾಗಿಯೇ ಕಾಣುತ್ತದೆ. ಜುಲೈಯಲ್ಲಿ ಪಶ್ಚಿಮದ ಗೋಡೆಯ ಒಳಮೈಯಲ್ಲಿ ತೇವದ ಕಲೆ ಏಳುವಾಗ ಕಾಂಟ್ರಾಕ್ಟರಿಗೆ ಕೊನೆಯ ಕಂತು ಸಂದು ಹೋಗಿರುತ್ತದೆ.

ಆದ್ದರಿಂದ ಹೊಸ ಮನೆಯನ್ನು ಎರಡು ಸಲ ಪರೀಕ್ಷೆ ಮಾಡಿಸಬೇಕು: ಕೊನೆಯ ಕಂತು ಕೊಡುವ ಮೊದಲು ಒಮ್ಮೆ, ಮೊದಲ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ. ಬ್ರಿಟನ್ನಿನಲ್ಲಿ ಬಿಲ್ಡರುಗಳಿಂದ ಮನೆ ಕೊಳ್ಳುವವರು ಸ್ವತಂತ್ರ ತಪಾಸಣೆಗಾರನನ್ನು ಕರೆಸಿ, ಸಣ್ಣಪುಟ್ಟ ಲೋಪಗಳನ್ನೂ ಬರೆಸಿಕೊಳ್ಳುವ ಪದ್ಧತಿ ಇದೆ. ನಮ್ಮಲ್ಲಿ ಹಾಗೆ ಮಾಡಿದರೆ ಮೇಸ್ತ್ರಿಗೆ ಬೇಸರವಾದೀತು ಎಂಬ ಸಂಕೋಚ. ಜೀವಮಾನದ ದುಡಿಮೆಯನ್ನು ಸುರಿದ ಮನೆಯ ಮುಂದೆ ಈ ಸಂಕೋಚಕ್ಕೆ ಬೆಲೆ ಕೊಡಬೇಕಾಗಿಲ್ಲ. ಒಳ್ಳೆಯ ಮೇಸ್ತ್ರಿ ಪರೀಕ್ಷೆಗೆ ಹೆದರುವುದೂ ಇಲ್ಲ.

ಕರೆಯಬೇಕಾದದ್ದು ಕಟ್ಟಿದವರ ಜೊತೆ ವ್ಯವಹಾರವಿಲ್ಲದ ಸಿವಿಲ್ ಎಂಜಿನಿಯರನ್ನು. ಪ್ಲಾನ್ ಬರೆದು ಕೆಲಸದ ಉಸ್ತುವಾರಿ ನೋಡಿದವರನ್ನೇ ಕರೆದರೆ ಅವರ ಕೆಲಸಕ್ಕೆ ಅವರೇ ಅಂಕ ಹಾಕಿದಂತಾಗುತ್ತದೆ. ಸಾಲ ಕೊಟ್ಟ ಬ್ಯಾಂಕಿನಿಂದ ಬಂದು ನೋಡುವವರು ಕೆಲಸ ಎಷ್ಟು ಮುಗಿದಿದೆ, ಕಂತು ಬಿಡಬಹುದೇ ಎಂದಷ್ಟೇ ನೋಡುತ್ತಾರೆ. ಅದು ಗುಣಮಟ್ಟದ ಪರೀಕ್ಷೆಯಲ್ಲ. ಮಡಿಕೇರಿ, ವಿರಾಜಪೇಟೆಗಳಲ್ಲಿ ಖಾಸಗಿ ಎಂಜಿನಿಯರುಗಳಿದ್ದಾರೆ. ಪೊನ್ನಂಪೇಟೆ, ಕುಶಾಲನಗರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ವಿಚಾರಿಸಬಹುದು. ಫೀಸು ಎಷ್ಟು, ಫೋಟೊ ಸಮೇತ ಲಿಖಿತ ವರದಿ ಕೊಡುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಪರೀಕ್ಷೆಯ ದಿನ ಕಾಂಟ್ರಾಕ್ಟರೂ ಸ್ಥಳದಲ್ಲಿರಲಿ. ಕಣ್ಣೆದುರೇ ಕಂಡ ಲೋಪವನ್ನು ಆಮೇಲೆ ಇಲ್ಲವೆನ್ನುವುದು ಕಷ್ಟ.

ಕೊಡಗಿನಲ್ಲಿ ಪರೀಕ್ಷೆ ಶುರುವಾಗಬೇಕಾದದ್ದು ಮನೆಯ ಹೊರಗೆ, ಹಿತ್ತಲಿನ ಬರೆಯಿಂದ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆಗಳಲ್ಲಿ ಬೆಟ್ಟ ಜಾರಿ ಮನೆಗಳು ಹೋದದ್ದನ್ನು ಯಾರೂ ಮರೆತಿಲ್ಲ. ಆಗ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ವಿಪರೀತ ಮಳೆಯ ಜೊತೆಗೆ ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದನ್ನೂ ಕಾರಣವಾಗಿ ಎತ್ತಿ ತೋರಿಸಿತು. ಬರೆ ಎಷ್ಟು ಕಡಿದಾಗಿದೆ? ಮೇಲಿನ ತೋಟದ ನೀರು ಎಲ್ಲಿ ಹರಿಯುತ್ತದೆ? ತಡೆಗೋಡೆ ಇದ್ದರೆ, ಮಣ್ಣಿನೊಳಗಿನ ನೀರು ಹೊರಬರಲು ಕಿಂಡಿಗಳಿವೆಯೇ, ಅವುಗಳ ಹಿಂದೆ ಜಲ್ಲಿ ತುಂಬಿದ್ದಾರೆಯೇ? ಕಿಂಡಿಯಿಲ್ಲದ ಗೋಡೆ ಮಣ್ಣಿನ ಒತ್ತಡದ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ, ಕೊನೆಗೊಮ್ಮೆ ಉಬ್ಬಿ ಒರಗುತ್ತದೆ.

ಇಳಿಜಾರಿನ ಮನೆಗೆ ಇನ್ನೊಂದು ತೊಂದರೆಯಿದೆ. ನಿವೇಶನವನ್ನು ಮಟ್ಟ ಮಾಡುವಾಗ ಮೇಲ್ಭಾಗದ ಮಣ್ಣನ್ನು ಕಡಿದು ಕೆಳಭಾಗಕ್ಕೆ ತುಂಬುತ್ತಾರೆ. ಅರ್ಧ ಪಾಯ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ, ಮಳೆ ನೀರು ಇಳಿದಾಗ ತುಂಬಿದ ಭಾಗ ಕುಸಿದು ಗೋಡೆ ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಅಥವಾ ಕಲ್ಲಿನ ಸಂದುಗಳನ್ನು ಹಿಡಿದು ಮೆಟ್ಟಿಲುಮೆಟ್ಟಿಲಾಗಿ ಇಳಿದ ಬಿರುಕು ಇದರ ಗುರುತು. ಗಾರೆ ಒಣಗುವಾಗ ಏಳುವ ಕೂದಲೆಳೆಯ ಬಿರುಕುಗಳಿಗೆ ಅಷ್ಟು ಗಾಬರಿ ಬೇಡ. ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೇರವಾಗಿ ಕಾಣುವ ಗೆರೆ, ಅಲ್ಲಿ ತಂತಿ ಜಾಲರಿ ಹಾಕದೆ ಗಾರೆ ಮಾಡಿದ್ದರಿಂದ ಬಂದಿರುವ ಸಾಧ್ಯತೆ ಹೆಚ್ಚು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವವರೂ ಇದ್ದಾರೆ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಕಾಂಕ್ರೀಟಿನ ತೊಲೆ, ಮೋಲ್ಡ್‌ಗಳಲ್ಲಿ ಸಾಮಾನ್ಯ ಸ್ಥಿತಿಗೆ ಭಾರತೀಯ ಮಾನಕ 456 ಒಪ್ಪುವ ಬಿರುಕಿನ ಅಗಲ 0.3 ಮಿಲಿಮೀಟರ್. ಅದಕ್ಕಿಂತ ಅಗಲವಾದದ್ದು ಕಂಡರೆ ಎಂಜಿನಿಯರ್ ಹತ್ತಿರದಿಂದ ನೋಡಲೇಬೇಕು. ಬಲವಾದ ಸಂಶಯ ಬಂದರೆ ರಿಬೌಂಡ್ ಹ್ಯಾಮರ್ ತರಿಸಿ ಕಾಂಕ್ರೀಟಿನ ಗಟ್ಟಿತನವನ್ನು ಅಂದಾಜು ಮಾಡಬಹುದು.

ಮಳೆಗೆ ಮೊದಲೇ ಮನೆಗೆ ನೀರಿನ ಪರೀಕ್ಷೆ ಮಾಡಬಹುದು. ತಾರಸಿಯ ನೀರುಕಂಡಿಗಳನ್ನು ಬಿಗಿಯಾಗಿ ಮುಚ್ಚಿ, ಒಂದೆರಡು ಅಂಗುಲ ನೀರು ನಿಲ್ಲಿಸಿ, ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು ಕೆಳಗಿನ ಕೋಣೆಯ ಸೂರನ್ನು ಮುಟ್ಟಿ ನೋಡಬೇಕು. ಬಚ್ಚಲಿನಲ್ಲಿ ಇದೇ ಪರೀಕ್ಷೆಯನ್ನು ಟೈಲ್ಸ್ ಕೂರಿಸುವ ಮುಂಚೆ ಮಾಡಿಸಿದರೆ ಒಳ್ಳೆಯದು. ಆಮೇಲೆ ಸೋರಿಕೆ ಕಂಡರೆ ಎಲ್ಲವನ್ನೂ ಒಡೆಯಬೇಕಾಗುತ್ತದೆ. ಶೀಟ್ ಹೊದಿಸಿದ್ದೇವಲ್ಲ, ತಾರಸಿ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಗಾಳಿಮಳೆ ಶೀಟಿನ ಅಡಿಯಿಂದಲೂ ನುಗ್ಗುತ್ತದೆ. ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ ಪೈಪಿನಿಂದ ಬಹಳ ಹೊತ್ತು ನೀರು ಹಾಯಿಸಿ ಕಿಟಕಿ ಚೌಕಟ್ಟಿನ ಅಂಚುಗಳನ್ನು ಒಳಗಿನಿಂದ ನೋಡಿ. ಸಜ್ಜಾದ ಅಡಿಯಲ್ಲಿ, ಹೊರ ಅಂಚಿನ ಹತ್ತಿರ, ನೀರನ್ನು ಕತ್ತರಿಸಿ ಬೀಳಿಸುವ ಒಂದು ಗೀರು ಇರಬೇಕು. ಇಲ್ಲದಿದ್ದರೆ ನೀರು ಅಡಿಮೈ ಹಿಡಿದು ಗೋಡೆಗೇ ಬರುತ್ತದೆ. ಅದನ್ನು ಮಾಡಲು ಮೇಸ್ತ್ರಿಗೆ ಖರ್ಚಿಲ್ಲ, ಆದರೂ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ಉಳಿದದ್ದು ಬೇಗ ಮುಗಿಯುವ ಕೆಲಸ. ರಸಮಟ್ಟ, ತೂಗುಗುಂಡು ಹಿಡಿದು ನೆಲ, ಗೋಡೆ ನೋಡುವುದು, ನಾಣ್ಯದಿಂದ ಟೈಲ್ಸ್ ಬಡಿದು ಪೊಳ್ಳು ಸದ್ದು ಕೇಳಿಸಿಕೊಳ್ಳುವುದು. ವಿದ್ಯುತ್ತಿನದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗೋಡೆ ತೇವ ಹಿಡಿಯುವ ಊರಿನಲ್ಲಿ ಅರ್ಥಿಂಗ್ ಸರಿಯಿರಬೇಕು, 30 ಮಿಲಿ ಆಂಪಿಯರ್ ಸೋರಿಕೆಗೆ ಕರೆಂಟು ಕಡಿಯುವ ಆರ್‌ಸಿಸಿಬಿ ಇರಬೇಕು. ಅದರ ಟೆಸ್ಟ್ ಗುಂಡಿ ಒತ್ತಿದರೆ ತಕ್ಷಣ ಬೀಳಬೇಕು.

ಇನ್ನು ಕಾನೂನು. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನಗಳಲ್ಲಿ ಪುಕ್ಕಟೆಯಾಗಿ ಸರಿಪಡಿಸಬೇಕು. ಆದರೆ ಇದು ಬಿಲ್ಡರಿನಿಂದ ಕೊಂಡ ಮನೆಗೆ. ಮೂರ್ನಾಡಿನಂಥ ಕಡೆ ಹೆಚ್ಚಿನವರು ಸ್ವಂತ ಜಾಗದಲ್ಲಿ ಕಾಂಟ್ರಾಕ್ಟ್ ಕೊಟ್ಟು ಕಟ್ಟಿಸುತ್ತಾರೆ. ಅವರಿಗೆ ರೇರಾದ ರಕ್ಷಣೆ ಇಲ್ಲ. ಅವರ ಬಲ ಕರಾರುಪತ್ರದಲ್ಲಿದೆ. ಸರ್ಕಾರಿ ಕಾಮಗಾರಿಗಳಲ್ಲಿ ದೋಷ ಹೊಣೆಗಾರಿಕೆಯ ಅವಧಿ ಮುಗಿಯುವತನಕ ಗುತ್ತಿಗೆದಾರನ ಠೇವಣಿ ಹಿಡಿದಿಡುವ ರೂಢಿಯಿದೆ. ಮನೆ ಕಟ್ಟಿಸುವವರೂ ಒಂದಿಷ್ಟು ಹಣವನ್ನು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಮಾತನ್ನು ಪಾಯ ತೆಗೆಯುವ ಮೊದಲೇ ಬರೆಸಿಕೊಳ್ಳಬೇಕು.

ಮಾತಿಗೆ ಬಗ್ಗದ ಕಾಂಟ್ರಾಕ್ಟರಿನ ಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಮನೆ ಕಟ್ಟಿಕೊಡುವುದೂ ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ದೂರಿನ ಕಾರಣ ಹುಟ್ಟಿದಂದಿನಿಂದ 2 ವರ್ಷಗಳ ಅವಕಾಶವಿದೆ. ಅಲ್ಲಿ ಕೆಲಸಕ್ಕೆ ಬರುವುದು ಕರಾರುಪತ್ರ, ಬ್ಯಾಂಕಿನ ಮೂಲಕ ಕೊಟ್ಟ ಹಣದ ದಾಖಲೆ, ಕಾಂಟ್ರಾಕ್ಟರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ನೋಟಿಸಿನ ಪ್ರತಿ, ಮತ್ತು ಮಳೆಯ ಮೊದಲು, ಮಳೆಯ ನಂತರ ಎಂಜಿನಿಯರ್ ಬರೆದುಕೊಟ್ಟ ಎರಡು ವರದಿಗಳು.