ನೆನಪಿನ ಪುಸ್ತಕಕ್ಕೆ ಆಮ್ಲದ ಕಾಟ

ಅಜ್ಜ ಬರೆದ ಅಂಚೆ ಕಾರ್ಡು, ಅಪ್ಪ-ಅಮ್ಮನ ಮದುವೆಯ ಕರೆಯೋಲೆ, ಶಾಲೆಯ ಪ್ರಶಸ್ತಿ ಪತ್ರ, ಪ್ರವಾಸದ ಬಸ್ ಟಿಕೆಟ್, ಪತ್ರಿಕೆಯಲ್ಲಿ ಅಚ್ಚಾದ ಚಿತ್ರ - ಇಂಥವನ್ನು ದಪ್ಪ ಹಾಳೆಯ ಪುಸ್ತಕದಲ್ಲಿ ಅಂಟಿಸಿಡುವ ಅಭ್ಯಾಸ ಹಲವರಿಗಿದೆ. ಇದೇ ‘ಸ್ಕ್ರ್ಯಾಪ್‌ಬುಕ್’. ಇಪ್ಪತ್ತು-ಮೂವತ್ತು ವರ್ಷಗಳ ನಂತರ ಅದನ್ನು ತೆರೆದಾಗ ಕಾಣುವುದೇನು? ಹಾಳೆ ಹಳದಿಯಾಗಿದೆ, ಅಂಚು ಮುಟ್ಟಿದರೆ ಮುರಿಯುತ್ತದೆ. ಟೇಪು ಹಚ್ಚಿದಲ್ಲಿ ಕಂದು ಕಲೆ. ಫೋಟೋ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಬಿಡಿಸಲು ಬಾರದು. ಜೋಪಾನ ಮಾಡಲೆಂದು ಬಳಸಿದ ಸಾಮಗ್ರಿಗಳೇ ಅನೇಕ ವೇಳೆ ಈ ಹಾನಿಗೆ ಕಾರಣ. ಮನೆಯಲ್ಲಿ ಅಜ್ಜನ ಕೈಬರಹ ಇರುವುದು ಅದೊಂದೇ ಕಾರ್ಡಿನಲ್ಲಾದರೆ, ಈ ನಷ್ಟವನ್ನು ತುಂಬುವುದು ಸಾಧ್ಯವಿಲ್ಲ.

ಕಾಗದದ ಒಳಗಿನ ಶತ್ರು

ಕಾಗದದ ಮುಖ್ಯ ಘಟಕ ಸೆಲ್ಯುಲೋಸ್. ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಣಿ ಇದು. ಕಾಗದದ ಬಲ ಇರುವುದು ಈ ಸರಪಣಿಗಳ ಉದ್ದದಲ್ಲಿ. ಆಮ್ಲ ಮತ್ತು ತೇವಾಂಶ ಎರಡೂ ಇದ್ದಾಗ ಸರಪಣಿಯ ಕೊಂಡಿಗಳು ಕಳಚುತ್ತವೆ. ಈ ಕ್ರಿಯೆಗೆ ಜಲವಿಶ್ಲೇಷಣೆ ಎನ್ನುತ್ತಾರೆ. ಸರಪಣಿ ತುಂಡಾದಷ್ಟೂ ಕಾಗದ ಪೆಡಸಾಗುತ್ತದೆ. ಕಾಗದ ಶಿಥಿಲವಾಗುವಾಗ ಹೊಸದಾಗಿ ಆಮ್ಲಗಳು ಹುಟ್ಟುವುದರಿಂದ ಹಾಳಾಗುವ ವೇಗ ಬರಬರುತ್ತಾ ಹೆಚ್ಚುತ್ತದೆ.

ಆಮ್ಲ ಕಾಗದಕ್ಕೆ ಬಂದುದು ಹೇಗೆ? ಹಿಂದೆ ಹತ್ತಿ, ನಾರು ಬಟ್ಟೆಗಳ ಚಿಂದಿಯಿಂದ ಕಾಗದ ಮಾಡುತ್ತಿದ್ದರು. ಇಂಥ ಕಾಗದ ಹಲವು ಶತಮಾನಗಳ ನಂತರವೂ ಗಟ್ಟಿಯಾಗಿರುವುದುಂಟು. ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುವ ವಿಧಾನವನ್ನು ಜರ್ಮನಿಯ ಇಲ್ಲಿಗ್ 1807ರಲ್ಲಿ ಪ್ರಕಟಿಸಿದ. ಪಟಿಕದಿಂದ ಕಾಗದ ಆಮ್ಲೀಯವಾಯಿತು. 1840ರ ದಶಕದಲ್ಲಿ ಮರವನ್ನು ಅರೆದು ತಿರುಳು ಮಾಡುವ ವಿಧಾನ ಬಂದು ಕಾಗದ ಅಗ್ಗವಾಯಿತು. ಆದರೆ ಮರದಲ್ಲಿರುವ ಲಿಗ್ನಿನ್ ಎಂಬ ವಸ್ತುವೂ ಜೊತೆಗೆ ಬಂತು. ಬೆಳಕು ಮತ್ತು ಆಕ್ಸಿಜನ್ ಸೋಕಿದಾಗ ಲಿಗ್ನಿನ್ ಹಳದಿಯಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಹೊಸ ದಿನಪತ್ರಿಕೆಯ ತುಂಡೊಂದರ ಮೇಲೆ ನಾಣ್ಯವಿಟ್ಟು ಮೂರು-ನಾಲ್ಕು ದಿನ ಬಿಸಿಲಿನಲ್ಲಿಡಿ. ನಾಣ್ಯವಿದ್ದ ಜಾಗ ಬಿಳಿಯಾಗಿ ಉಳಿದು ಸುತ್ತಲಿನ ಭಾಗ ಹಳದಿಯಾಗಿರುತ್ತದೆ. ಒಳ್ಳೆಯ ಬರವಣಿಗೆ ಕಾಗದದಲ್ಲಿ ಇಷ್ಟು ಬದಲಾವಣೆ ಕಾಣದು.

ಆಮ್ಲ ಇದ್ದಲ್ಲೇ ಇರುವುದಿಲ್ಲ, ತಾಗಿಕೊಂಡಿರುವ ಹಾಳೆಗೂ ಹರಿಯುತ್ತದೆ. ಪತ್ರಿಕೆಯ ತುಣುಕನ್ನು ಫೋಟೋಗೆ ಎದುರಾಗಿ ಅಂಟಿಸಿದರೆ ಫೋಟೋಗೂ ಕಲೆ ತಪ್ಪದು.

ಪುಸ್ತಕದ ಆಯ್ಕೆ

‘ಆಮ್ಲರಹಿತ’, ‘ಲಿಗ್ನಿನ್‌ರಹಿತ’ ಎಂದು ನಮೂದಿಸಿರುವ ಹಾಳೆಗಳನ್ನೇ ಆರಿಸಿ. ಬಹುಕಾಲ ಬಾಳುವ ಕಾಗದಕ್ಕೆ ಐಎಸ್ಒ 9706 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಂತೆ ಕಾಗದದ ಪಿಎಚ್ 7.5ರಿಂದ 10ರ ನಡುವೆ ಇರಬೇಕು. ಜೊತೆಗೆ ಕನಿಷ್ಠ ಶೇಕಡಾ 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಪ್ರತ್ಯಾಮ್ಲೀಯ ಸಂಗ್ರಹವಿರಬೇಕು. ಮುಂದೆ ಹುಟ್ಟುವ ಆಮ್ಲವನ್ನು ಇದು ತಟಸ್ಥಗೊಳಿಸುತ್ತದೆ.

ಪಾರದರ್ಶಕ ಹೊದಿಕೆ ಬೇಕಿದ್ದರೆ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಹಾಳೆ ಬಳಸಿ. ಪಿವಿಸಿ ಬೇಡ. ಅದನ್ನು ಮೆದುಗೊಳಿಸಲು ಸೇರಿಸಿದ ಎಣ್ಣೆಯಂಥ ರಾಸಾಯನಿಕ ನಿಧಾನವಾಗಿ ಹೊರಬಂದು ಫೋಟೋಗೆ ಅಂಟುತ್ತದೆ. ಪಿವಿಸಿ ವಿಘಟಿಸಿದಾಗ ಹೈಡ್ರೊಕ್ಲೋರಿಕ್ ಆಮ್ಲವೂ ಬಿಡುಗಡೆಯಾಗುತ್ತದೆ. ಅಂಟಿನ ಗೆರೆಗಳ ಮೇಲೆ ಫೋಟೋ ಇಟ್ಟು ಪ್ಲಾಸ್ಟಿಕ್ ಹಾಳೆ ಎಳೆಯುವ ಆಲ್ಬಮ್‌ಗಳೂ ಒಳ್ಳೆಯವಲ್ಲ.

ಅಂಟಿಸುವುದು ಹೇಗೆ?

ಸಂರಕ್ಷಣಾ ತಜ್ಞರು ಪಾಲಿಸುವ ನಿಯಮವೊಂದಿದೆ: ಮತ್ತೆ ಬಿಡಿಸಲಾಗದಂತೆ ಏನನ್ನೂ ಮಾಡಬಾರದು. ಅಮೆರಿಕದ ವಿಲಿಯಂ ಬ್ಯಾರೊ ಕಾಗದ ಕೆಡಲು ಆಮ್ಲವೇ ಪ್ರಮುಖ ಕಾರಣವೆಂದು 20ನೆಯ ಶತಮಾನದ ಮಧ್ಯಭಾಗದಲ್ಲಿ ಎಲ್ಲರ ಗಮನಕ್ಕೆ ತಂದವರು. ಅವರೇ ರೂಪಿಸಿದ ವಿಧಾನದಿಂದ ಅನೇಕ ಹಳೆಯ ದಾಖಲೆಗಳಿಗೆ ಸೆಲ್ಯುಲೋಸ್ ಅಸಿಟೇಟ್ ಹೊದಿಕೆ ಹಾಕಲಾಯಿತು. ಮುಂದೆ ಆ ಹೊದಿಕೆಯನ್ನೇ ತೆಗೆಯುವ ಕಷ್ಟದ ಕೆಲಸ ತಜ್ಞರಿಗೆ ಬಂತು. ಆದ್ದರಿಂದ ಪ್ರಮಾಣಪತ್ರ, ಪತ್ರಗಳನ್ನು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಬೇಡಿ.

ಸೆಲ್ಲೊ ಟೇಪಿನ ಅಂಟು ಕಾಲಕ್ರಮೇಣ ಉತ್ಕರ್ಷಣೆಗೊಂಡು ಕಾಗದದೊಳಕ್ಕೆ ಇಳಿಯುತ್ತದೆ. ಆ ಕಲೆಯನ್ನು ತೆಗೆಯುವುದು ಬಲು ಕಷ್ಟ. ಮೈದಾ ಅಂಟು ಬೆಳ್ಳಿಹುಳು ಮತ್ತು ಜಿರಳೆಗಳಿಗೆ ಆಹಾರ. ಹುಳು ಬಾರದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸಿದರೆ ಅದರಲ್ಲಿರುವ ತಾಮ್ರ ಸೆಲ್ಯುಲೋಸ್‌ನ ಉತ್ಕರ್ಷಣೆಯನ್ನು ತ್ವರೆಗೊಳಿಸುತ್ತದೆ. ಸರಳ ಉಪಾಯವೆಂದರೆ ಅಂಟನ್ನು ವಸ್ತುವಿಗೆ ಹಚ್ಚದಿರುವುದು. ಆಮ್ಲರಹಿತ ಕಾಗದದಿಂದ ತ್ರಿಕೋನಾಕಾರದ ಪುಟ್ಟ ಮೂಲೆಜೇಬುಗಳನ್ನು ಮಾಡಿ ಅವನ್ನು ಹಾಳೆಗೆ ಅಂಟಿಸಿ, ಫೋಟೋ ಅಥವಾ ಪತ್ರದ ಮೂಲೆಗಳನ್ನು ಅವುಗಳಲ್ಲಿ ಸಿಕ್ಕಿಸಿ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನುಗಳು ತುಕ್ಕು ಹಿಡಿಯುತ್ತವೆ, ಅವನ್ನು ತೆಗೆದುಬಿಡಿ.

ವಸ್ತುವಿಗೆ ತಕ್ಕ ಆರೈಕೆ

ಪತ್ರಿಕೆಯ ತುಣುಕು: ಒಳ್ಳೆಯ ಕಾಗದದ ಮೇಲೆ ನೆರಳಚ್ಚು ಪ್ರತಿ ತೆಗೆಸಿ ಅದನ್ನು ಅಂಟಿಸಿ. ಮೂಲ ತುಣುಕು ಬೇರೆ ಲಕೋಟೆಯಲ್ಲಿರಲಿ.

ಯಂತ್ರದಿಂದ ಬರುವ ಟಿಕೆಟ್, ರಸೀದಿ: ಇವುಗಳಲ್ಲಿ ಹೆಚ್ಚಿನವು ಉಷ್ಣ ಕಾಗದದವು. ಇದರಲ್ಲಿ ಶಾಯಿ ಇರುವುದಿಲ್ಲ. ಶಾಖ ತಾಗಿದೆಡೆ ಕಾಗದದ ಲೇಪನವೇ ಬಣ್ಣ ತಳೆಯುತ್ತದೆ. ಈ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸಬಹುದು. ಬೇಗ ಪ್ರತಿ ತೆಗೆದಿಡಿ.

ಲಗ್ನಪತ್ರಿಕೆ: ಮೂಲೆಗೆ ಹಚ್ಚಿದ ಅರಿಶಿನ-ಕುಂಕುಮ ಎದುರಿನ ಹಾಳೆಗೆ ತಗಲುತ್ತದೆ. ಪ್ರತ್ಯೇಕ ಕವರಿನಲ್ಲಿಡಿ. ಒಣಗಿಸಿದ ಹೂವಿಗೂ ಇದೇ ಕ್ರಮ.

ಫೋಟೋ: ಅಂಚುಗಳಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಬೆವರು, ಜಿಡ್ಡು ಗುರುತು ಉಳಿಸುತ್ತವೆ. ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆದರೆ ಅಚ್ಚು ಮುಂಬದಿಗೆ ಮೂಡುತ್ತದೆ. ಹೆಸರು, ಊರು, ವರ್ಷಗಳನ್ನು ಫೋಟೋ ಕೆಳಗಿನ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯಿರಿ.

ಇಡುವ ಜಾಗ

ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ. ಆದ್ದರಿಂದ ತಗಡಿನ ಮಾಡಿನ ಕೆಳಗಿನ ಅಟ್ಟ ತಕ್ಕ ಜಾಗವಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65-70ನ್ನು ಮೀರಿದರೆ ಬೂಷ್ಟು ಬೆಳೆಯುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಇದು ದಿನನಿತ್ಯದ ಸಂಗತಿ. ಅಲ್ಲಿ ಪುಸ್ತಕವನ್ನು ಚೆನ್ನಾಗಿ ಒಣಗಿದ ದಿನ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲದೊಡನೆ ಇಡಬಹುದು. ಜೆಲ್ಲನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು. ಹೊರಗೋಡೆಗೆ ತಾಗಿದ ಕಪಾಟು ಬೇಡ, ನೆಲದಿಂದ ಎತ್ತರದಲ್ಲಿರಲಿ. ಬೂಷ್ಟು ಹಿಡಿದುದನ್ನು ಬಿಸಿಲಿಗೆ ಹಾಕಬೇಡಿ. ಬೂಷ್ಟಿನ ಜೊತೆ ಬಣ್ಣವೂ ಹೋಗುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆದುವಾದ ಕುಂಚದಿಂದ ಒರೆಸಿ.

ಎಷ್ಟೇ ಎಚ್ಚರ ವಹಿಸಿದರೂ ಕಾಗದ ಅಮರವಲ್ಲ. ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಎರಡು ಬೇರೆ ಕಡೆ ಉಳಿಸಿಡುವುದು ಜಾಣತನ. ನಿಮ್ಮ ಮನೆಯ ಹಳೆಯ ಆಲ್ಬಮನ್ನು ಈ ವಾರವೇ ಒಮ್ಮೆ ತೆರೆದು ನೋಡಿ. ಟೇಪು, ಪಿನ್ನು, ಪಿವಿಸಿ ಹಾಳೆಗಳಿದ್ದರೆ ಸುಲಭವಾಗಿ ಬರುವುದನ್ನಷ್ಟೇ ತೆಗೆಯಿರಿ, ಅಂಟಿ ಕೂತದ್ದನ್ನು ಎಳೆಯಬೇಡಿ. ಚಿತ್ರದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿ ಹೆಸರುಗಳನ್ನು ಬರೆದಿಡಿ. ಹೆಸರಿಲ್ಲದ ಫೋಟೋ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಮುಂದಿನವರಿಗೆ ಅದು ಅಪರಿಚಿತರ ಚಿತ್ರ.