ನಕ್ಷತ್ರದ ಬಣ್ಣ, ಆಕಾಶಗಂಗೆಯ ವಯಸ್ಸು



ಕ್ರಿಸ್‌ಮಸ್ ಸಮೀಪಿಸಿದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಮನೆಗಳ ಮುಂದೆ ಬಣ್ಣಬಣ್ಣದ ನಕ್ಷತ್ರದೀಪಗಳು ಬೆಳಗುತ್ತವೆ. ನಡುರಾತ್ರಿಯ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಬಂದವರು ತಲೆಯೆತ್ತಿದರೆ, ಆಕಾಶದ ನಕ್ಷತ್ರಗಳಿಗೂ ಬಣ್ಣವಿರುವುದು ಕಾಣುತ್ತದೆ. ನೆತ್ತಿಯ ಬಳಿ ಆರ್ದ್ರಾ ನಕ್ಷತ್ರ ಕೆಂಡದಂತೆ ಕೆಂಪು. ಪಡುವಣಕ್ಕೆ ವಾಲಿದ ಕೃತ್ತಿಕೆಯ ಗುಂಪು ತಿಳಿನೀಲಿ. ಅಂತಹ ಒಂದು ರಾತ್ರಿ ಧರ್ಮೋಪದೇಶ ತರಗತಿಯ ಬಾಲಕಿಯೊಬ್ಬಳು, “ಫಾದರ್, ಕೆಂಪು ನಕ್ಷತ್ರಕ್ಕೆ ಹೆಚ್ಚು ವಯಸ್ಸಾಗಿದೆಯೇ?” ಎಂದು ಕೇಳಿದಾಗ ನಾವು ಯೋಚಿಸದೆ ಹೌದೆಂದೆವು. ಆ ಉತ್ತರ ತಪ್ಪಾಗಿತ್ತು.

ಬಣ್ಣವು ನೇರವಾಗಿ ತಿಳಿಸುವುದು ನಕ್ಷತ್ರದ ಮೇಲ್ಮೈಯ ಉಷ್ಣತೆಯನ್ನು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಾಗಿ, ಕಾದಂತೆಲ್ಲ ಹಳದಿಯಾಗಿ ಬೆಳ್ಳಗಾಗುವುದನ್ನು ನೆನೆಯಿರಿ. ಆರ್ದ್ರೆಯ ಮೇಲ್ಮೈ ಸುಮಾರು 3,300 ಡಿಗ್ರಿ ಸೆಲ್ಸಿಯಸ್, ಸೂರ್ಯನದು 5,500, ಕೃತ್ತಿಕೆಯ ಪ್ರಕಾಶಮಾನ ತಾರೆಗಳದು 10,000ಕ್ಕೂ ಹೆಚ್ಚು. ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅವುಗಳನ್ನು ವರ್ಗೀಕರಿಸಿದವರಲ್ಲಿ ಮೊದಲಿಗರು ರೋಮ್‌ನ ಜೆಸ್ವಿಟ್ ಗುರು ಆಂಜೆಲೊ ಸೆಕ್ಕಿ (1818–1878) ಎಂಬುದು ನಮಗೆ ಸಂತೋಷದ ಸಂಗತಿ.

ಹಾಗಾದರೆ ವಯಸ್ಸನ್ನು ಅರಿಯುವುದೆಂತು? ಭಾರವಾದ ನಕ್ಷತ್ರದಲ್ಲಿ ಇಂಧನ ಹೆಚ್ಚು. ವ್ಯಯವೋ ಇನ್ನೂ ಹೆಚ್ಚು. ದಪ್ಪ ಬತ್ತಿಯ ದೀಪದಂತೆ ಅದು ನೀಲಿಯಾಗಿ ಉರಿದು ಬೇಗ ಬರಿದಾಗುತ್ತದೆ. ಆರ್ದ್ರೆ ಹೀಗೆ ಬರಿದಾಗುತ್ತ ಉಬ್ಬಿ ಕೆಂಪಾದ ನಕ್ಷತ್ರ; ಅದರ ವಯಸ್ಸು ಸುಮಾರು ಒಂದು ಕೋಟಿ ವರ್ಷ ಮಾತ್ರ. ನಮ್ಮ ಸೂರ್ಯನಿಗೋ 460 ಕೋಟಿ! ಆದುದರಿಂದ ಒಂಟಿ ನಕ್ಷತ್ರದ ಬಣ್ಣ ನೋಡಿ ವಯಸ್ಸು ಹೇಳಲಾಗದು. ಒಟ್ಟಿಗೆ ಹುಟ್ಟಿದ ಇಡೀ ಗುಂಪನ್ನೇ ನೋಡಬೇಕು. ಕಾಲ ಸರಿದಂತೆ ಅದರ ನೀಲಿ ಸದಸ್ಯರು ಮೊದಲು ಮರೆಯಾಗುತ್ತಾರೆ; ಉಳಿದವರಲ್ಲಿ ಅತಿ ನೀಲಿಯಾದವರು ಗುಂಪಿನ ವಯಸ್ಸಿಗೆ ಸಾಕ್ಷಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸಿದ್ದಾಗ, ಮೌಂಟ್ ವಿಲ್ಸನ್ ವೀಕ್ಷಣಾಲಯದ ವಾಲ್ಟರ್ ಬಾಡೆ ಆ ಕತ್ತಲೆಯಲ್ಲಿ ನೆರೆಯ ಆಂಡ್ರೊಮಿಡಾ ಗೆಲಾಕ್ಸಿಯನ್ನು ಅಭ್ಯಸಿಸಿದರು. ಸುರುಳಿ ಬಾಹುಗಳಲ್ಲಿ ನೀಲಿ ತಾರೆಗಳ ಕಿರಿಯ ಸಮುದಾಯ, ನಡುಭಾಗದಲ್ಲಿ ಕೆಂಪು ತಾರೆಗಳ ಹಿರಿಯ ಸಮುದಾಯ ಎಂಬ ಅವರ ವಿಭಜನೆ 1944ರಲ್ಲಿ ಪ್ರಕಟವಾಯಿತು. ನಮ್ಮ ಆಕಾಶಗಂಗೆಗೂ ಇದು ಅನ್ವಯಿಸಿತು. ಅದರ ಅತಿ ಹಳೆಯ ಗೋಳಾಕಾರದ ಗುಂಪುಗಳಿಗೆ 1,200ರಿಂದ 1,300 ಕೋಟಿ ವರ್ಷಗಳಾಗಿವೆ. ಆಕಾಶಗಂಗೆ ಅದಕ್ಕಿಂತ ಕಿರಿದಾಗಿರಲಾರದು.

ಹಿರಿಯರ ಗುಂಪಿನಲ್ಲೂ ಕೆಲವು ನೀಲಿ ತಾರೆಗಳು ಕಾಣುತ್ತವೆ. ಅವು ಯುವಕರಲ್ಲ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕದಿಂದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅನ್ನಪೂರ್ಣಿ ಸುಬ್ರಹ್ಮಣ್ಯಂ ಮತ್ತು ಸಂಗಡಿಗರು, ಸುಮಾರು 700 ಕೋಟಿ ವರ್ಷದ ಎನ್‌ಜಿಸಿ 188 ಗುಂಪಿನ ಇಂತಹ ಒಂದು ತಾರೆಯ ಬಳಿ ಬಿಸಿಯಾದ ಸಂಗಾತಿಯನ್ನು 2016ರಲ್ಲಿ ಗುರುತಿಸಿದರು. ಸಂಗಾತಿ ತನ್ನ ದ್ರವ್ಯವನ್ನು ಧಾರೆಯೆರೆದುದರಿಂದಲೇ ಅದಕ್ಕೆ ಈ ಯೌವನದ ಕಾಂತಿ.

ಮರುವಾರ ನಾವು ಆ ಬಾಲಕಿಯನ್ನು ಕರೆದು ನಮ್ಮ ತಪ್ಪನ್ನು ಒಪ್ಪಿಕೊಂಡೆವು. “ಹಾಗಾದರೆ ಒಂಟಿಯಾಗಿ ಕಂಡವರ ವಯಸ್ಸು ಹೇಳಬಾರದು ಅಲ್ಲವೇ ಫಾದರ್?” ಎಂದಳು. ವಯಸ್ಸನ್ನಷ್ಟೇ ಅಲ್ಲ ಮಗು, ಎಂದೆವು ನಾವು.